ಹಳೆಯ ವಿಮಾನದ ಜೀರ್ಣೋದ್ಧಾರ

ಹಳೆಯ ಪದಾರ್ಥಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಪಂಥಗಳುಂಟು. ಕೆಟ್ಟುಹೋದದ್ದನ್ನು ಗುಜರಿಗೆ ಹಾಕಿ ಹೊಸದನ್ನು ತರುವವರದು ಒಂದು. ಕೆಟ್ಟದ್ದನ್ನು ಅಟ್ಟಕ್ಕೇರಿಸಿ, ಎಂದಾದರೊಂದು ದಿನ ಬೇಕಾದೀತೆಂದು ನೆಚ್ಚಿಕೊಂಡಿರುವವರದು ಇನ್ನೊಂದು. ಮೊದಲನೆಯವರ ಮನೆ ವಿಶಾಲವಾಗಿರುತ್ತದೆ. ಎರಡನೆಯವರ ಅಟ್ಟ ತುಂಬಿರುತ್ತದೆ. ಈ ಎರಡೂ ಅಲ್ಲದ ಮೂರನೆಯ ಮಾರ್ಗವೊಂದನ್ನು ನಮ್ಮ ಹಿರಿಯರು ದೇವಾಲಯಗಳ ವಿಷಯದಲ್ಲಿ ಕಂಡುಕೊಂಡಿದ್ದರು. ಅದಕ್ಕೆ ಜೀರ್ಣೋದ್ಧಾರವೆಂದು ಹೆಸರು. ಗೋಡೆ ಬಿರಿದರೆ ಗೋಡೆಯನ್ನು ಕಟ್ಟಿಸುವುದು, ಮಾಳಿಗೆ ಸೋರಿದರೆ ಗಾರೆ ಹಾಕಿಸುವುದು. ಒಳಗಿನ ಮೂರ್ತಿಯನ್ನು ಮಾತ್ರ ಇದ್ದಂತೆಯೇ ಉಳಿಸಿಕೊಳ್ಳುವುದು. ದೇವಾಲಯಕ್ಕೆ ಸಲ್ಲುವ ಈ ನ್ಯಾಯವು ಗಣಕಯಂತ್ರದ ಮೇಲೆ ಆಡುವ ಒಂದು ಆಟಕ್ಕೂ ಸಲ್ಲುವುದೇ ಎಂದು ವಾಚಕರು ನಗಬಹುದು. ಸಲ್ಲುತ್ತದೆಂದೇ ನನ್ನ ಅಭಿಪ್ರಾಯ; ಅದಕ್ಕೆ ಕಾರಣವನ್ನು ಅರಿಕೆಮಾಡುತ್ತೇನೆ.

ಆ ಆಟದ ಹೆಸರು ಫ್ಲೈಟ್ ಸಿಮ್ಯುಲೇಟರ್. ಎಂದರೆ ವಿಮಾನಚಾಲನೆಯ ಅನುಕರಣ. ಆಟವೆಂದು ಕರೆದೆನಾದರೂ ಇದರ ವಂಶವು ಕೇವಲ ವಿನೋದದ್ದಲ್ಲ. ಅಮೆರಿಕದ ಬಿಂಗಮ್‌ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ವಿಮಾನ ನಡೆಸುವುದನ್ನು ಕಲಿಯಲು ತಗಲುವ ವೆಚ್ಚವನ್ನು ಕಂಡ ಲಿಂಕನು ೧೯೨೯ರಲ್ಲಿ ಆರ್ಗನ್ನಿನ ತಿದಿಗಳನ್ನೇ ಬಳಸಿಕೊಂಡು, ನೆಲದ ಮೇಲಿದ್ದೇ ವಿಮಾನದಂತೆ ಓಲುವ, ಹೊರಳುವ, ಗಿಡ್ಡ ರೆಕ್ಕೆಗಳ ಪೆಟ್ಟಿಗೆಯೊಂದನ್ನು ನಿರ್ಮಿಸಿದನು. ಮೊದಮೊದಲು ಅದನ್ನು ಕೊಂಡವರು ವಿನೋದದ ತೋಟಗಳವರು. ೧೯೩೪ರಲ್ಲಿ ಅಂಚೆಯನ್ನು ಹೊತ್ತು ಹಾರುವ ಕೆಲಸವು ಆ ದೇಶದ ಸೈನ್ಯದ ಪಾಲಿಗೆ ಬಂದು, ಮೋಡ ಮಂಜುಗಳಲ್ಲಿ ಹಾರಿದ ಹಲವು ತರುಣರು ಪ್ರಾಣ ಕಳೆದುಕೊಂಡ ಮೇಲೆ, ಸೈನ್ಯದವರು ಆ ಪೆಟ್ಟಿಗೆಗಳನ್ನು ತರಿಸಿಕೊಂಡರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಸಂಖ್ಯಾತ ಚಾಲಕರು ಮೊದಲ ಪಾಠವನ್ನು ಅದರೊಳಗೇ ಕಲಿತರು. ನಮ್ಮ ಹಾರ್ಮೋನಿಯಮ್ಮಿಗೂ ಇಂದಿನ ವಿಮಾನಚಾಲಕರ ಶಿಕ್ಷಣಕ್ಕೂ ಈ ಬಗೆಯಲ್ಲಿ ಒಂದು ದೂರದ ನಂಟಸ್ತಿಕೆಯುಂಟು.

ಈ ವಿದ್ಯೆಯನ್ನು ಗಣಕಯಂತ್ರದೊಳಕ್ಕೆ ತಂದು ಮನೆಮನೆಗೆ ಮುಟ್ಟಿಸಿದವನು ಬ್ರೂಸ್ ಆರ್ಟ್‌ವಿಕ್ ಎಂಬ ಅಮೆರಿಕನ್ ಎಂಜಿನಿಯರು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, ೧೯೭೫ರಲ್ಲಿ, ಈತನು ಬರೆದ ಪ್ರಬಂಧದ ವಿಷಯವೇ ಹಾರಾಟದ ದೃಶ್ಯವನ್ನು ಯಂತ್ರದಿಂದ ಬರೆಯಿಸುವುದು. ಆತನ ಆಟವು ಮೊದಲು ಆಪಲ್ ಯಂತ್ರಗಳಿಗೆ ಬಂದಿತು. ೧೯೮೨ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯವರು ಅದನ್ನು ಐಬಿಎಂ ಯಂತ್ರಗಳಿಗೆ ಅಳವಡಿಸಿ ಪ್ರಕಟಿಸಿದರು. ನಾಲ್ಕನೆಯ ಆವೃತ್ತಿ ಹೊರಬಿದ್ದದ್ದು ೧೯೮೯ರಲ್ಲಿ. ನಾನು ಹೇಳಹೊರಟಿರುವುದು ಈ ನಾಲ್ಕನೆಯದರ ಮಾತು. ಇದನ್ನು ತೆರೆದೊಡನೆ ನಮ್ಮ ವಿಮಾನವು ಷಿಕಾಗೋ ನಗರದ ಮೀಗ್ಸ್ ಫೀಲ್ಡ್ ಎಂಬ ಪುಟ್ಟ ನಿಲ್ದಾಣದಲ್ಲಿ, ಉತ್ತರಾಭಿಮುಖವಾಗಿ ನಿಂತಿರುತ್ತದೆ. ಬಲಗಡೆಗೆ ಮಿಷಿಗನ್ ಸರೋವರ. ಎಡಗಡೆಗೆ ನಗರದ ಎತ್ತರವಾದ ಕಟ್ಟಡಗಳು. ಆದರೆ ಇವೆಲ್ಲವೂ ಕೆಲವೇ ಬಣ್ಣಗಳಲ್ಲಿ, ಮಕ್ಕಳು ಅಡಿಕೋಲಿನಿಂದ ಗೀಚಿದಂತೆ ಇರುತ್ತವೆ. ಸರೋವರವೆಂದರೆ ಒಂದು ನೀಲಿಯ ಹಾಳೆ. ಆಕಾಶಕ್ಕೆ ಮುಟ್ಟುವ ಸಿಯರ್ಸ್ ಗೋಪುರವೆಂದರೆ ಒಂದರ ಮೇಲೊಂದಿಟ್ಟ ನಾಲ್ಕಾರು ಪೆಟ್ಟಿಗೆಗಳು. ಪರದೆಯ ಕೆಳಭಾಗದಲ್ಲಿ ಮಾತ್ರ ವೇಗ, ಎತ್ತರ, ದಿಕ್ಕು, ಓಲು ಇವುಗಳನ್ನು ತೋರಿಸುವ ಗಡಿಯಾರಗಳು ಶ್ರದ್ಧೆಯಿಂದ ಚಿತ್ರಿತವಾಗಿರುತ್ತವೆ.

ಈ ಆಟವು ನಮ್ಮ ಭಾವನವರದು. ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಫಿಟ್ಟರಾಗಿ ದುಡಿದವರು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಕೂಡಿ ಸ್ಥಾಪಿಸಿದ ಈ ಕಾರ್ಖಾನೆಯಿಂದ, ಭಾರತೀಯ ವಾಯುಸೇನೆಯ ತರುಣರು ಹಾರುವುದನ್ನು ಕಲಿಯುವ 'ಕಿರಣ್' ಎಂಬ ಜೆಟ್ ವಿಮಾನಗಳು ಹೊರಟವು; ಅದರ ಮೊದಲನೆಯ ಹಾರಾಟ ನಡೆದದ್ದು ೧೯೬೪ರಲ್ಲಿ. ಭಾವನವರು ಹತ್ತು ಹದಿನೈದು ವರ್ಷ ಆ ವಿಮಾನದ ರೆಕ್ಕೆಗಳಿಗೆ ರಿವೆಟ್ ಹೊಡೆದರು. ತಾವು ಕಟ್ಟಿದ ರೆಕ್ಕೆಗಳು ತಲೆಯ ಮೇಲೆ ಹಾರಿಹೋಗುವುದನ್ನು ದಿನವೂ ಕಂಡವರು, ಒಂದು ದಿನವೂ ಚಾಲಕನ ಪೀಠದಲ್ಲಿ ಕುಳಿತು ಹಾರಿದವರಲ್ಲ. ಇದನ್ನು ಅವರು ಕೊರಗಿನಿಂದ ಹೇಳುತ್ತಿರಲಿಲ್ಲ. "ತೇರು ಕಟ್ಟುವವನು ಬೇರೆ, ತೇರಿನಲ್ಲಿ ಕೂರುವವನು ಬೇರೆ" ಎಂದು ನಕ್ಕುಬಿಡುತ್ತಿದ್ದರು. ೧೯೯೪ರಲ್ಲಿ ಎರಡನೆಯ ಕೈಯಿಂದ ಒಂದು ಗಣಕಯಂತ್ರವನ್ನು ಕೊಂಡು, ಈ ಆಟದ ಫ್ಲಾಪಿಗಳನ್ನು ಸಂಪಾದಿಸಿ, ರಾತ್ರಿ ಊಟವಾದ ಮೇಲೆ ಒಂದು ಗಂಟೆ ಷಿಕಾಗೋ ನಗರದ ಮೇಲೆ ಹಾರಾಡಿ ಬಂದು ಮಲಗುವುದು ಅವರ ವಾಡಿಕೆಯಾಯಿತು. ಮುಂದೆ ಆ ಯಂತ್ರ ಕೆಟ್ಟಿತು, ಫ್ಲಾಪಿಗಳು ಅಟ್ಟಕ್ಕೇರಿದವು, ಮನೆಯವರೆಲ್ಲರೂ ಆ ವಿಷಯವನ್ನು ಮರೆತರು.

೨೦೨೪ರ ಮಾಗಿಯಲ್ಲಿ ಭಾವನವರಿಗೆ ಪಾರ್ಶ್ವವಾಯು ಬಡಿಯಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ, ಮಾತು ಮೂರು ವಾರಗಳಲ್ಲಿ ಮರಳಿತು, ಬಲಗೈಯ ಬೆರಳುಗಳು ಮಾತ್ರ ಹೇಳಿದಂತೆ ಕೇಳಲೊಲ್ಲವು. ಬಟ್ಟಲಿನಿಂದ ಬಟ್ಟಲಿಗೆ ಒಂದೊಂದೇ ಕಡಲೆಕಾಳನ್ನು ಎತ್ತಿ ಹಾಕುವ ಅಭ್ಯಾಸವನ್ನು ಫಿಸಿಯೋಥೆರಪಿಯವರು ಕಲಿಸಿಕೊಟ್ಟರು. ಎಂಟು ದಿನ ಮಾಡಿ ಒಂಬತ್ತನೆಯ ದಿನ ಭಾವನವರು ಬಟ್ಟಲನ್ನು ದೂರ ತಳ್ಳಿದರು. "ರಿವೆಟ್ ಎಣಿಸಿದ ಕೈ ಕಣಪ್ಪ, ಇದು ಕಡಲೆ ಎಣಿಸುತ್ತಾ ಕೂರಬೇಕೆ?" ಎಂದು ನನ್ನ ಮುಂದೆ ಹೇಳಿ ಗೋಡೆಯ ಕಡೆಗೆ ಹೊರಳಿಕೊಂಡರು. ನಮ್ಮ ಅಕ್ಕ ಅಡಿಗೆಮನೆಯಲ್ಲಿ ನಿಂತು, "ಕೈಯಿಗಿಂತ ಇವರ ಮನಸ್ಸು ಹೆಚ್ಚು ಸೋತಿದೆ. ಏನಾದರೂ ಮಾಡೋ" ಎಂದಳು.

ಅವರ ಮಗ ಉಪಾಯವೊಂದನ್ನು ಯೋಚಿಸಿದ. ಈ ಆಟದ ಹೊಸ ಅವತಾರವೊಂದು ೨೦೨೦ರಲ್ಲಿ ಬಂದಿದೆ. ಅದರಲ್ಲಿ ಉಪಗ್ರಹಗಳಿಂದ ತೆಗೆದ ಚಿತ್ರಗಳಿಂದ ಇಡೀ ಭೂಮಂಡಲವನ್ನೇ ಕಾಣಿಸಿದ್ದಾರೆ. ಅದನ್ನು ಇಡಲು ೧೫೦ ಗಿಗಾಬೈಟುಗಳ ಜಾಗ ಬೇಕು. ಹಳೆಯ ಫ್ಲಾಪಿಗಳ ಲೆಕ್ಕದಲ್ಲಿ ಹೇಳುವುದಾದರೆ, ಲಕ್ಷಕ್ಕೂ ಮಿಕ್ಕ ಫ್ಲಾಪಿಗಳು. ಮಗನ ಮನೆಯಲ್ಲಿ ಅದನ್ನು ನೋಡಿಬಂದ ಭಾವನವರು, "ಬಹಳ ಸೊಗಸಾಗಿದೆ. ಮೋಡ ಕೂಡ ಮೋಡದಂತೆಯೇ ಇದೆ. ಆದರೆ ಅಲ್ಲಿ ನೋಡುವುದೇ ಹೆಚ್ಚಾಯಿತು. ನನಗೆ ನಡೆಸಬೇಕು" ಎಂದರು. ಅವರ ಮಾತಿನಲ್ಲಿ ಹಠಕ್ಕಿಂತ ಯುಕ್ತಿ ಹೆಚ್ಚಾಗಿತ್ತು. ಹೊಸದನ್ನು ಮಗನು ಹಿಡಿಗೋಲಿನಿಂದ ಆಡುತ್ತಿದ್ದ. ಸೋತ ಕೈಗೆ ಆ ಹಿಡಿತ ಸಿಕ್ಕದು. ಹಳೆಯದರಲ್ಲಾದರೋ ಕೀಲಿಮಣೆಯ ಬಲಗಡೆಯಲ್ಲಿರುವ ಅಂಕೆಗಳ ಗುಂಡಿಗಳೇ ಎಲ್ಲವೂ. ಎಂಟನ್ನು ಒತ್ತಿದರೆ ಮೂತಿ ತಗ್ಗುತ್ತದೆ, ಎರಡನ್ನು ಒತ್ತಿದರೆ ಏಳುತ್ತದೆ; ನಾಲ್ಕು ಎಡಕ್ಕೆ, ಆರು ಬಲಕ್ಕೆ; ಐದು ರೆಕ್ಕೆಯ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸುತ್ತದೆ; ಒಂಬತ್ತು ಮೂರುಗಳಿಂದ ಎಂಜಿನ್ನಿನ ಬಲ ಹೆಚ್ಚು ಕಡಮೆಯಾಗುತ್ತದೆ. ಒಮ್ಮೆ ಒತ್ತಿದರೆ ರೆಕ್ಕೆಯ ಪಟ್ಟಿ ಒಂದು ಗೆರೆಯಷ್ಟು ಸರಿದು ಅಲ್ಲಿಯೇ ನಿಲ್ಲುತ್ತದೆ. ಬೆರಳು ತಡವಾಗಿ ಬಂದರೂ ವಿಮಾನ ಕಾದಿರುತ್ತದೆ. ಆರು ಎಂಟು ಗುಂಡಿಗಳ ಮೇಲೆ ಬಲಗೈಯ ಬೆರಳುಗಳನ್ನು ಆಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಯಾವುದು? ಹೀಗೆ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯಿತು.

ಫ್ಲಾಪಿಗಳನ್ನು ಓದುವ ಬಾಯಿ ಈಗಿನ ಯಂತ್ರಗಳಿಗಿಲ್ಲ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ವಿಚಾರಿಸಿ, ಯುಎಸ್‌ಬಿ ತಂತಿಯಿಂದ ಸೇರಿಸುವ ಫ್ಲಾಪಿ ಡ್ರೈವೊಂದನ್ನು ತಂದೆವು. ಫ್ಲಾಪಿಯೆಂದರೆ ಕಂದು ಬಣ್ಣದ ಕಾಂತಪದಾರ್ಥವನ್ನು ಲೇಪಿಸಿದ ತೆಳುವಾದ ಪ್ಲಾಸ್ಟಿಕ್ ಬಿಲ್ಲೆ. ಬರೆದದ್ದೆಲ್ಲ ಆ ಲೇಪದ ಕಾಂತತ್ವದಲ್ಲಿ ಅಡಗಿರುತ್ತದೆ. ತೇವಕ್ಕೆ ಬೂಷ್ಟು ಹಿಡಿಯುತ್ತದೆ. ವರ್ಷಗಳು ಕಳೆದಂತೆ ಕಾಂತತ್ವವೂ ಸೊರಗುತ್ತದೆ. ಮೊದಲನೆಯ ಫ್ಲಾಪಿ ಕರಕರನೆ ಸದ್ದುಮಾಡಿ, ಓದಲಾಗದೆಂದು ತಿಳಿಸಿತು. ಆದರೆ ಭಾವನವರು ಕೊಂಡ ವಾರದಲ್ಲೇ ಪ್ರತಿಯೊಂದರ ನಕಲನ್ನೂ ತೆಗೆದು, ಬೇರೆ ಡಬ್ಬಿಯಲ್ಲಿ, ದಿನಾಂಕದ ಚೀಟಿ ಅಂಟಿಸಿ ಇಟ್ಟಿದ್ದರು. ಇದು ಕಾರ್ಖಾನೆಯಲ್ಲಿ ಕಲಿತ ಅಚ್ಚುಕಟ್ಟು. ಆ ನಕಲು ಮೊದಲಿನಿಂದ ಕೊನೆಯವರೆಗೆ ತಡೆಯಿಲ್ಲದೆ ಓದಿಸಿಕೊಂಡಿತು.

ಓದಿಸಿಕೊಂಡರೇನು, ಓಡಲಿಲ್ಲ. ಈ ಪ್ರೋಗ್ರಾಮು ತಮ್ಮ ಯಂತ್ರದಲ್ಲಿ ನಡೆಯಲಾರದೆಂದು ಹೊಸ ಲ್ಯಾಪ್‌ಟಾಪು ಒಂದೇ ಸಾಲಿನಲ್ಲಿ ಹೇಳಿ ಕೈತೊಳೆದುಕೊಂಡಿತು. ಕಾರಣವನ್ನು ನನಗೆ ವಿವರಿಸಿದವನು ಅಕ್ಕನ ಮೊಮ್ಮಗ, ಹದಿನಾಲ್ಕು ವರ್ಷದ ಹುಡುಗ. ಅವನು ಹೇಳಿದ್ದನ್ನು ನಾನು ಗ್ರಹಿಸಿದ ಕ್ರಮದಲ್ಲಿ ಇಲ್ಲಿ ಬರೆಯುತ್ತೇನೆ. ಈ ಬಗೆಯ ಯಂತ್ರಗಳ ಮೂಲಪುರುಷನು ೧೯೭೮ರಲ್ಲಿ ಇಂಟೆಲ್ ಕಂಪೆನಿಯವರು ತಂದ ೮೦೮೬ ಎಂಬ ಪ್ರೊಸೆಸರು. ಅದು ಒಂದು ಸಲಕ್ಕೆ ಹದಿನಾರು ಬಿಟ್ಟುಗಳಷ್ಟನ್ನು ಹಿಡಿದು ಎಣಿಸುತ್ತಿತ್ತು. ಹಳೆಯ ಆಟವನ್ನು ಬರೆದದ್ದು ಆ ಕ್ರಮಕ್ಕೆ. ಈಗಿನ ವಿಂಡೋಸ್ ೧೧ ನಡೆಯುವುದು ಅರವತ್ತನಾಲ್ಕು ಬಿಟ್ಟುಗಳ ಕ್ರಮದಲ್ಲಿ ಮಾತ್ರ. ಆ ಕ್ರಮದಲ್ಲಿ ಹದಿನಾರರ ಹಳೆಯ ಪ್ರೋಗ್ರಾಮುಗಳಿಗೆ ಎಡೆಯಿಲ್ಲ. ಸ್ವಾರಸ್ಯವೇನೆಂದರೆ, ಇದೇ ವಂಶದ ಇಂದಿನ ಪ್ರೊಸೆಸರು ಕೂಡ ವಿದ್ಯುತ್ತು ಬಂದೊಡನೆ ಒಂದು ಕ್ಷಣ ಹದಿನಾರರ ಹಳೆಯ ಕ್ರಮದಲ್ಲಿಯೇ ಕಣ್ಣು ತೆರೆದು, ಆಮೇಲೆ ಹೊಸ ಕ್ರಮಕ್ಕೆ ದಾಟುತ್ತದೆಯಂತೆ. ಸಂಧ್ಯಾವಂದನೆಯಲ್ಲಿ ಗೋತ್ರಪ್ರವರ ಹೇಳಿ, ಆಮೇಲೆ ಷರಾಯಿ ತೊಟ್ಟು ಕಚೇರಿಗೆ ಹೋಗುವವರಂತೆ ಎಂದು ನಾನು ಹೇಳಲು ಹುಡುಗನು ಬಹಳ ನಕ್ಕನು.

ಇದಕ್ಕೆ ಪರಿಹಾರವೂ ಅವನಿಗೇ ಗೊತ್ತಿತ್ತು. ಡಾಸ್‌ಬಾಕ್ಸ್ ಎಂಬ ತಂತ್ರಾಂಶವೊಂದಿದೆ. ೨೦೦೨ರಲ್ಲಿ ಮೊದಲು ಹೊರಬಂದ ಇದನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. ಇದು ಹಳೆಯ ಆಟವನ್ನು ತಿದ್ದುವುದಿಲ್ಲ. ಹೊಸ ಯಂತ್ರವನ್ನೂ ತಿದ್ದುವುದಿಲ್ಲ. ಹೊಸ ಯಂತ್ರದೊಳಗೆ ಹಳೆಯ ಯಂತ್ರವೊಂದನ್ನು ಕಲ್ಪಿಸಿ, ಆಟವನ್ನು ಅದರೊಳಗೆ ಬಿಡುತ್ತದೆ. ಆಟವು ಒಂದು ಆಜ್ಞೆಯನ್ನು ಉಚ್ಚರಿಸಿದರೆ, ಹಳೆಯ ಪ್ರೊಸೆಸರು ಏನು ಮಾಡುತ್ತಿತ್ತೋ ಅದನ್ನು ಇದು ಹೊಸ ಪ್ರೊಸೆಸರಿನಿಂದ ಮಾಡಿಸಿಕೊಡುತ್ತದೆ. ಹಳೆಯ ಚಿತ್ರಫಲಕ, ಹಳೆಯ ಧ್ವನಿ, ಹಳೆಯ ಗಡಿಯಾರ ಎಲ್ಲವನ್ನೂ ಅಭಿನಯಿಸುತ್ತದೆ. ತಾನು ಪರಗೃಹದಲ್ಲಿದ್ದೇನೆಂಬ ಅರಿವು ಆಟಕ್ಕೆ ಎಳ್ಳಷ್ಟೂ ಇರುವುದಿಲ್ಲ. ಶಂಕರಾಚಾರ್ಯರು ಅಮರುಕರಾಜನ ದೇಹವನ್ನು ಹೊಕ್ಕ ಕಥೆಯನ್ನು ಬಲ್ಲವರಿಗೆ ಪರಕಾಯಪ್ರವೇಶವೆಂಬ ಮಾತು ನೆನಪಾಗುವುದು. ಆದರೆ ಇಲ್ಲಿ ಹೊಕ್ಕ ಜೀವಕ್ಕೆ ಅದು ಪರಕಾಯವೆಂದೇ ತಿಳಿಯದು.

ಹುಡುಗನು ಕಡತಗಳನ್ನೆಲ್ಲ ಒಂದು ಫೋಲ್ಡರಿನಲ್ಲಿಟ್ಟು, ಮೌಂಟ್ ಎಂಬ ಆಜ್ಞೆಯಿಂದ ಆ ಫೋಲ್ಡರನ್ನೇ ಹಳೆಯ ಯಂತ್ರದ 'ಸಿ' ಡ್ರೈವೆಂದು ಡಾಸ್‌ಬಾಕ್ಸಿಗೆ ಹೇಳಿಕೊಟ್ಟನು. ಆಟವು ತೆರೆಯಿತು. ಆದರೆ ವಿಮಾನವು ಕುಂಟುವ ಎತ್ತಿನಂತೆ ಮುಗ್ಗರಿಸಿ ಮುಗ್ಗರಿಸಿ ಸಾಗುತ್ತಿತ್ತು. ಒಂದು ಕ್ಷಣದಲ್ಲಿ ಹಳೆಯ ಯಂತ್ರಕ್ಕೆ ಎಷ್ಟು ಆಜ್ಞೆಗಳನ್ನು ನಡೆಸಲು ಬಿಡಬೇಕೆಂಬ ಲೆಕ್ಕವನ್ನು ನಾವು ಗೊತ್ತುಮಾಡಬೇಕು. ಈ ಜಾತಿಯ ಆಟಗಳಿಗೆ ಡಾಸ್‌ಬಾಕ್ಸ್ ತಾನಾಗಿ ಇಡುವುದು ೩೦೦೦, ಅದು ಸಾಲದು. ಕಂಟ್ರೋಲ್ ಗುಂಡಿಯೊಡನೆ ಎಫ್ ೧೨ನ್ನು ಒತ್ತಿದರೆ ಏರುತ್ತದೆ, ಎಫ್ ೧೧ನ್ನು ಒತ್ತಿದರೆ ಇಳಿಯುತ್ತದೆ. ಅಳತೆಮೀರಿ ಏರಿಸಿದಾಗ ಎಂಜಿನ್ನಿನ ಸದ್ದು ಒಡಕಾಯಿತು. ತಂಬೂರಿಯ ಬಿರಡೆಯನ್ನು ತಿರುಗಿಸುವಂತೆ ಏರಿಸಿ ಇಳಿಸಿ ಹದಕ್ಕೆ ತಂದೆವು. ಹದ ಗೊತ್ತಾದದ್ದು ಭಾವನವರ ಕಿವಿಗೆ. "ಇದು. ಇದೇ ಸದ್ದು. ಇನ್ನು ಮುಟ್ಟಬೇಡ" ಎಂದು ಹಾಸಿಗೆಯಿಂದಲೇ ಹೇಳಿದರು. ಲ್ಯಾಪ್‌ಟಾಪಿನಲ್ಲಿ ಅಂಕೆಗಳ ಗುಂಡಿಗಳು ಬೇರೆಯಾಗಿರಲಿಲ್ಲ. ಅದೊಂದನ್ನು ಪ್ರತ್ಯೇಕವಾಗಿ ಕೊಂಡು ತಂದು ಅವರ ಬಲಗೈಯ ಕೆಳಗಿರಿಸಿದೆವು.

ಮೊದಲನೆಯ ವಾರವೆಲ್ಲ ಸರೋವರವೇ ಗತಿಯಾಯಿತು. ವಿಮಾನವನ್ನು ಏರಿಸುವುದು ಸುಲಭ, ಇಳಿಸುವುದು ಕಷ್ಟ. ಎತ್ತರ ಬೇಕೆಂದು ಮೂತಿಯನ್ನು ಮೇಲೆತ್ತುತ್ತಾ ಹೋದರೆ ವೇಗ ಕುಂದುತ್ತದೆ. ರೆಕ್ಕೆಯ ಮೇಲೆ ಗಾಳಿ ಸರಾಗವಾಗಿ ಹರಿಯುವುದು ತಪ್ಪುತ್ತದೆ. ಹೊತ್ತು ನಿಲ್ಲುವ ಶಕ್ತಿ ಹೋಗಿ ವಿಮಾನ ಕುಸಿಯುತ್ತದೆ. ಇಳಿಯುವಾಗ ವೇಗವನ್ನು ಮೂತಿಯಿಂದಲೂ, ಇಳಿತವನ್ನು ಎಂಜಿನ್ನಿನ ಬಲದಿಂದಲೂ ಹದಮಾಡಿಕೊಳ್ಳಬೇಕು. ಸೆಸ್ನಾ ವಿಮಾನಕ್ಕಾದರೆ ಸುಮಾರು ೭೦ ನಾಟ್, ಎಂದರೆ ಗಂಟೆಗೆ ೧೩೦ ಕಿಲೋಮೀಟರಿನಷ್ಟು ವೇಗದಲ್ಲಿ ನೆಲಕ್ಕೆ ಬರಬೇಕು. ಭಾವನವರ ತಲೆಗೆ ಇದೆಲ್ಲವೂ ಗೊತ್ತು, ಬೆರಳಿಗೆ ಗೊತ್ತಾಗಬೇಕಾಗಿತ್ತು. ಎರಡನ್ನು ಒತ್ತಲು ಹೋದ ಬೆರಳು ಮೂರರ ಮೇಲೆ ಬಿದ್ದು ಎಂಜಿನ್ನು ತಣ್ಣಗಾಗುವುದು. ವಿಮಾನ ನೀರಿಗೆ ಬೀಳುವುದು. ಆಟವು ಬೇಸರಪಡದೆ ಮತ್ತೆ ಮೀಗ್ಸ್ ಫೀಲ್ಡಿಗೆ ತಂದು ನಿಲ್ಲಿಸುವುದು. "ಕಾರ್ಖಾನೆಯಲ್ಲಿ ಇಷ್ಟು ವಿಮಾನ ಹಾಳುಮಾಡಿದ್ದರೆ ಪೆನ್‌ಷನ್ ಬರುತ್ತಿತ್ತೆ?" ಎಂದು ಅಕ್ಕ ಕೇಳಿದಳು. ಬಹು ದಿನಗಳ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿದ್ದು ಆಗ.

ಇಪ್ಪತ್ತಮೂರನೆಯ ದಿನ ನಾನು ಪಕ್ಕದಲ್ಲಿ ಕುಳಿತಿದ್ದೆ. ಉತ್ತರಕ್ಕೆ ಏರಿ, ಸರೋವರದ ಮೇಲೆ ಬಲಕ್ಕೆ ತಿರುಗಿ, ದಕ್ಷಿಣಕ್ಕೆ ಬಹುದೂರ ಸಾಗಿ, ಮತ್ತೆ ಎರಡು ಸಲ ಬಲಕ್ಕೆ ಹೊರಳಿ ರನ್‌ವೇಯ ನೇರಕ್ಕೆ ಬಂದರು. ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನು ಇಂದ್ರನ ರಥದಲ್ಲಿ ಕುಳಿತು ಭೂಮಿಗೆ ಇಳಿಯುವ ಸನ್ನಿವೇಶವನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಮೇಲಿನಿಂದ ಇಳಿಯುವವನಿಗೆ ತಾನು ಇಳಿಯುವಂತೆ ತೋರದು. ನೆಲವೇ ಎದ್ದು ಎದುರುಗೊಳ್ಳಲು ಬರುವಂತೆ ತೋರುತ್ತದೆ. ಹಾರದಿದ್ದ ಕವಿಗೆ ಇದು ಹೇಗೆ ಹೊಳೆಯಿತೋ ಎಂದು ಹುಡುಗರು ಕೇಳುತ್ತಿದ್ದರು. ಈ ಬಡ ಚಿತ್ರದಲ್ಲಿಯೂ ಅದೇ ಆಯಿತು. ದಾರದಂತಿದ್ದ ರನ್‌ವೇ ಪಟ್ಟಿಯಾಯಿತು, ಪಟ್ಟಿ ರಸ್ತೆಯಾಯಿತು. ಎತ್ತರದ ಮುಳ್ಳು ೫೯೦ರ ಸುತ್ತಮುತ್ತಲಿಗೆ ಬಂದಿತು. ಆ ನಿಲ್ದಾಣ ಸಮುದ್ರಮಟ್ಟದಿಂದ ಅಷ್ಟು ಅಡಿ ಮೇಲಿದೆ. ನಡುಬೆರಳು ನಡುಗುತ್ತಾ ಎರಡರ ಮೇಲೆ ಬಂದು, ಒಮ್ಮೆ, ಮತ್ತೊಮ್ಮೆ ಒತ್ತಿತು. ವಿಮಾನವು ಒಂದು ಸಲ ಪುಟಿದು, ಓಡಿ, ನಿಂತಿತು. ಭಾವನವರು ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಹೊರಗೆ ಮಳೆ ಬರುತ್ತಿದೆಯೇನು?" ಎಂದು ಕೇಳಿದರು. ಮಳೆ ಅರ್ಧಗಂಟೆಯಿಂದಲೂ ಬರುತ್ತಿತ್ತು.

ಆಟದಿಂದಲೇ ಕೈ ನೆಟ್ಟಗಾಯಿತೆಂದು ನಾನು ಹೇಳುವುದಿಲ್ಲ. ಔಷಧವೂ, ವ್ಯಾಯಾಮವೂ, ಕಾಲವೂ ತಮ್ಮ ತಮ್ಮ ಕೆಲಸವನ್ನು ಮಾಡಿದುವು. ಆ ದಿನದ ಮೇಲೆ ಅವರು ಕಡಲೆಕಾಳಿನ ಬಟ್ಟಲನ್ನು ತಾವಾಗಿಯೇ ಕೇಳಿ ತರಿಸಿಕೊಂಡರೆಂಬುದಷ್ಟನ್ನು ಹೇಳಬಲ್ಲೆ. ಈಗ ಅವರು ಆ ಕೈಯಿಂದ ಕಾಫಿಯ ಲೋಟ ಹಿಡಿಯುತ್ತಾರೆ. ಸಹಿ ಮಾತ್ರ ಇನ್ನೂ ಹಳೆಯ ಸಹಿಯಂತಾಗಿಲ್ಲ.

ಅವರು ಇಳಿದ ನಿಲ್ದಾಣದ ವಿಷಯವನ್ನು ಇಲ್ಲಿ ಹೇಳಬೇಕು. ೧೯೪೮ರಲ್ಲಿ ತೆರೆದ ಮೀಗ್ಸ್ ಫೀಲ್ಡ್ ಈಗ ಇಲ್ಲ. ೨೦೦೩ರ ಮಾರ್ಚ್ ೩೦ರ ರಾತ್ರಿ, ಷಿಕಾಗೋ ನಗರದ ಮೇಯರ್ ರಿಚರ್ಡ್ ಡೇಲಿಯ ಅಪ್ಪಣೆಯಂತೆ ಬುಲ್‌ಡೋಜರುಗಳು ಬಂದು, ಸುಮಾರು ೩೯೦೦ ಅಡಿಯ ಆ ಒಂದೇ ರನ್‌ವೇಯ ಮೇಲೆ ದೊಡ್ಡ ದೊಡ್ಡ ಕತ್ತರಿ ಗುರುತುಗಳನ್ನು ಅಗೆದುಹಾಕಿದುವು. ಬೆಳಗಾಗುವ ಹೊತ್ತಿಗೆ ಹದಿನಾರು ವಿಮಾನಗಳು ಹಾರುವ ದಾರಿಯಿಲ್ಲದೆ ಅಲ್ಲಿಯೇ ಸಿಕ್ಕಿಕೊಂಡಿದ್ದುವು. ಈಗ ಅಲ್ಲಿ ಉದ್ಯಾನವಿದೆ. ಇದನ್ನು ಭಾವನವರಿಗೆ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದೆ. ಅವರಿಗೆ ಮೊದಲೇ ಗೊತ್ತಿತ್ತು. "ಗೊತ್ತಿದ್ದರಿಂದಲೇ ಹೊಸದು ಬೇಡವೆಂದೆ. ಹೊಸದರಲ್ಲಿ ಇರುವುದು ಇವೊತ್ತಿನ ಭೂಮಿ. ನಾನು ಇಳಿಯಲು ಕಲಿತ ಜಾಗ ನಾನು ಕಂಡಂತೆಯೇ ಉಳಿದಿರುವುದು ಇದರಲ್ಲಿ" ಎಂದರು.

ಹಳೆಯ ಆವೃತ್ತಿಯನ್ನು ಹಳೆಯ ಆವೃತ್ತಿಯಾಗಿಯೇ ಕಾಪಾಡಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣವನ್ನು ನಾನು ಕೊಡಲಾರೆ. ಇದು ಬರಿಯ ವ್ಯಾಮೋಹವೆಂದು ಕೆಲವರು ಹೇಳಿಯಾರು. ಮೈಸೂರಿನಲ್ಲಿ ೧೮೯೧ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಾಳೆಯೋಲೆಯ ಕಟ್ಟೊಂದನ್ನು ತಂದುಕೊಟ್ಟರು. ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, ೧೯೦೯ರಲ್ಲಿ ಅಚ್ಚುಹಾಕಿಸಿದರು. ಕೌಟಿಲ್ಯನ ಕಾಲದ ಓಲೆ ಅದಲ್ಲ. ಓಲೆಗೆ ಅಷ್ಟು ಆಯುಸ್ಸಿಲ್ಲ. ಹುಳು ಹಿಡಿಯುವ ಮುನ್ನ ಯಾರೋ ಹೊಸ ಓಲೆಗೆ ಇಳಿಸಿದರು. ಅವರ ಓಲೆ ಮುಪ್ಪಾಗುವ ಮುನ್ನ ಇನ್ನಾರೋ ಇಳಿಸಿದರು. ಹಾಗೆ ನಕಲುಮಾಡಿದವರ ಹೆಸರು ನಮಗೆ ಬಾರದು. ಅವರಲ್ಲಿ ಎಲ್ಲರಿಗೂ ಗ್ರಂಥದ ಅರ್ಥ ತಿಳಿದಿತ್ತೆಂದೂ ಹೇಳಲಾಗದು. ಓಲೆಗೆ ನೂರಾರು ವರ್ಷದ ಆಯುಸ್ಸಾದರೂ ಉಂಟು. ಫ್ಲಾಪಿಗೆ, ಕ್ಯಾಸೆಟ್ಟಿಗೆ, ಸಿಡಿಗೆ ಅಷ್ಟೂ ಇಲ್ಲ.

ಆದುದರಿಂದ ಗೃಹಸ್ಥರಿಗೂ ಗೃಹಿಣಿಯರಿಗೂ ನನ್ನ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜಿಯ ಸಂಪ್ರದಾಯದ ಹಾಡಿನ ಕ್ಯಾಸೆಟ್ಟೋ, ಮದುವೆಯ ಚಿತ್ರದ ಸಿಡಿಯೋ, ಮಕ್ಕಳಾಡಿದ ಆಟದ ಫ್ಲಾಪಿಯೋ ಇದ್ದರೆ, ಬರುವ ಮಳೆಗಾಲಕ್ಕೆ ಮುಂಚೆ ಅದನ್ನು ಕೆಳಗಿಳಿಸಿರಿ. ಓದಬಲ್ಲ ಯಂತ್ರವನ್ನು ಹುಡುಕಿರಿ. ನಕಲನ್ನು ತೆಗೆದು, ಎರಡು ಬೇರೆ ಕಡೆಗಳಲ್ಲಿ, ದಿನಾಂಕವನ್ನು ಬರೆದು ಇಡಿರಿ. ಮನೆಯಲ್ಲಿ ಹದಿನಾಲ್ಕು ವರ್ಷದ ಹುಡುಗನೋ ಹುಡುಗಿಯೋ ಇದ್ದರೆ ಕೆಲಸವನ್ನು ಅವರಿಗೆ ಒಪ್ಪಿಸಿರಿ; ಪಕ್ಕದಲ್ಲಿ ಕುಳಿತು, ಅದು ಏನು, ಯಾರದು ಎಂಬುದನ್ನು ಮಾತ್ರ ನೀವು ಹೇಳಿರಿ. ಆ ಮಾತು ಯಾವ ಫ್ಲಾಪಿಯಲ್ಲಿಯೂ ಬರೆದಿರುವುದಿಲ್ಲ.